ನಮ್ಮ ಅಂಗಡೀಲಿ ಸರಿಯಾಗೇ ಓಡ್ತಿತ್ತಲ್ಲ!

"ರೀ... ಸ್ವಲ್ಪ ಜಾಗ ಮಾಡ್ತೀರಾ? ಕೈ ಬಿದ್ದುಹೋಗ್ತಿದೆ ನಂಗೆ!"

ಕಂಪ್ಯೂಟರಿನ ಭಾರದ ಕ್ಯಾಬಿನೆಟ್ಟನ್ನು ಎದೆಗವಚಿಕೊಂಡು ಅವಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಲಿಫ್ಟು ಕೆಟ್ಟಿದ್ದರಿಂದ ಎರಡು ಮಹಡಿ ಹತ್ತಿ ಬಂದಿದ್ದಳು. ಕೂದಲು ಬಾಯೊಳಗೆ ಬರುತ್ತಿತ್ತು, ಸರಿಸಿಕೊಳ್ಳೋಣವೆಂದರೆ ಮೂರನೇ ಕೈ ಇರಲಿಲ್ಲ.

ರಿಪೇರಿ ಮೇಜಿನ ಹಿಂದೆ ಕೂತವನು ತಲೆ ಎತ್ತಲಿಲ್ಲ. ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ.

"ಕೆಳಗಿಡಿ."

"ನೆಲದ ಮೇಲಾ? ಇದೇನು ಗೋಣಿಚೀಲಾನಾ?"

ಆಗ ಅವನು ತಲೆ ಎತ್ತಿದ.

ಕಥೆಗಳಲ್ಲಿ ಇಂಥ ಹೊತ್ತಿಗೆ ತಂಗಾಳಿ ಬೀಸುತ್ತದೆ, ಹೃದಯ ಡವಗುಟ್ಟುತ್ತದೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ ಬಿಡಿ. ಅವನು ಅವಳನ್ನು ನೋಡಿದ, ಅವಳು ಅವನನ್ನು ದುರುಗುಟ್ಟಿಕೊಂಡು ನೋಡಿದಳು, ಅಷ್ಟೇ. ಆದರೆ ಅವನು ಎದ್ದುನಿಂತು, ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಮೊಣಕೈಯಿಂದ ಒಂದು ಕಡೆಗೆ ತಳ್ಳಿದ. ಹದಿನಾಲ್ಕು ವರ್ಷದಲ್ಲಿ ಯಾವ ಗಿರಾಕಿಗೂ ಹಾಗೆ ಜಾಗ ಮಾಡಿಕೊಟ್ಟವನಲ್ಲ.

"ಏನಾಗಿದೆ?"

"ದವಡೆ ತಿರುಗಿಸಿದ ತಕ್ಷಣ ಸ್ಕ್ರೀನ್ ತುಂಬಾ ಬಣ್ಣಬಣ್ಣದ ಗೆರೆ ಬಂದು ನಿಂತೋಗುತ್ತೆ."

"ಏನು ತಿರುಗಿಸಿದ ತಕ್ಷಣ?"

ಅವಳು ಹೆಗಲಿನ ಚೀಲದಿಂದ ಪ್ಲಾಸ್ಟರಿನ ದವಡೆಯೊಂದನ್ನು ತೆಗೆದು ಅವನ ಮುಂದೆ ಇಟ್ಟಳು. ಲ್ಯಾಪ್‌ಟಾಪ್ ರಿಪೇರಿಗೆ ತಂದು ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದರು.

ಅವಳ ಕೆಲಸ ಹಲ್ಲು ಮಾಡುವುದು. ನಗಬೇಡಿ, ನಿಜವಾದ ಕೆಲಸವೇ ಅದು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅವಳು ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ಬಿದ್ದ ಹಲ್ಲಿನ ಜಾಗಕ್ಕೆ ಹೊಸ ಹಲ್ಲಿನ ಆಕಾರ ಮಾಡಿ ಕೊಡುತ್ತಾಳೆ. ಏಳು ವರ್ಷ ಒಂದು ಲ್ಯಾಬಿನಲ್ಲಿ ದುಡಿದವಳು, ಎರಡು ತಿಂಗಳ ಹಿಂದೆ ಅದನ್ನು ಬಿಟ್ಟು ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಕೆಲಸ ಶುರು ಮಾಡಿದ್ದಳು. ಬಿಟ್ಟ ದಿನ ಲ್ಯಾಬಿನ ಯಜಮಾನ ನಕ್ಕಿದ್ದ. "ಹೋಗಮ್ಮ ಹೋಗು. ಮೂರು ತಿಂಗಳಲ್ಲಿ ನೀನಾಗೇ ವಾಪಸ್ ಬರ್ತೀಯ. ಕುರ್ಚಿ ಖಾಲಿ ಇಟ್ಟಿರ್ತೀನಿ!"

ಈಗ ದೊಡ್ಡ ಕ್ಲಿನಿಕ್ಕೊಂದರ ಡಾಕ್ಟರಮ್ಮ ಅವಳಿಗೊಂದು ಪರೀಕ್ಷೆ ಇಟ್ಟಿದ್ದರು. ಹತ್ತು ದವಡೆ, ಶನಿವಾರ ಸಂಜೆ ಐದರೊಳಗೆ. ಕೊಟ್ಟರೆ ಕ್ಲಿನಿಕ್ಕಿನ ಇಡೀ ವರ್ಷದ ಕೆಲಸ ಅವಳದ್ದೇ. ಕೊಡದಿದ್ದರೆ... ಆ ಖಾಲಿ ಕುರ್ಚಿ ಇದ್ದೇ ಇತ್ತು.

ಅವತ್ತು ಸೋಮವಾರ.

ಅವನು ಕ್ಯಾಬಿನೆಟ್ ಬಿಚ್ಚಿ ಹತ್ತು ನಿಮಿಷ ನೋಡಿದ. "ಸ್ಕ್ರೀನಿಗೆ ಚಿತ್ರ ಕೊಡೋ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದೆ. ಹೊಸದು ಹಾಕ್ಬೇಕು."

"ಗೊತ್ತು. ಯಾವುದು ಹಾಕ್ಬೇಕು ಅಂತ ನಮ್ಮ ಭಾವ ಪಟ್ಟಿ ಬರ್ದುಕೊಟ್ಟಿದ್ದಾರೆ. ಅವರಿಗೆ ಇದೆಲ್ಲಾ ಗೊತ್ತು."

ಅವನು ಪಟ್ಟಿ ಓದಿದ. ಕಿವಿಯ ಮೇಲಿದ್ದ ಪೆನ್ನು ತೆಗೆದು ಮೊದಲನೇ ಸಾಲು ಹೊಡೆದುಹಾಕಿದ. ಎರಡನೆಯದೂ ಹೋಯಿತು. ಮೂರನೆಯದೂ!

"ರೀ, ರೀ! ಏನ್ ಮಾಡ್ತಿದ್ದೀರಾ?"

"ಈ ಕಾರ್ಡು ಮೂವತ್ತಮೂರು ಸೆಂಟಿಮೀಟರ್ ಉದ್ದ ಇದೆ. ನಿಮ್ಮ ಕ್ಯಾಬಿನೆಟ್ಟಲ್ಲಿ ಜಾಗ ಇರೋದು ಇಪ್ಪತ್ತೊಂಬತ್ತು. ಉಳಿದ ನಾಲ್ಕು ಸೆಂಟಿಮೀಟರ್‌ನ ನಿಮ್ಮ ಭಾವ ಬಂದು ಕೈಯಲ್ಲಿ ಹಿಡ್ಕೊಂಡು ನಿಂತ್ಕೋತಾರಾ?"

ಮೇಷ್ಟ್ರು ಕಿಸಕ್ಕೆಂದರು. ಅವಳಿಗೆ ಮೈ ಉರಿದುಹೋಯಿತು.

"ಈ ರ‍್ಯಾಮ್ ನಿಮ್ಮ ಬೋರ್ಡಿಗೆ ಕೂರಲ್ಲ. ಪವರ್ ಸಪ್ಲೈ ಇರೋದೇ ಚೆನ್ನಾಗಿದೆ, ಹೊಸದು ದಂಡ. ಕಾರ್ಡೊಂದೇ ಸಾಕು, ಅದೂ ಗಿಡ್ಡದು. ಸಂಜೆಗೆ ಬನ್ನಿ."

'ಎಷ್ಟು ಜಂಬ ಇವನಿಗೆ!' ಎಂದುಕೊಂಡಳು. ಆದರೆ ಬೇಡದ ಸಾಮಾನು ಬೇಡ ಎಂದು ತಾನಾಗಿ ಹೇಳುವ ಅಂಗಡಿಯವನನ್ನು ಅವಳು ಅದೇ ಮೊದಲು ನೋಡಿದ್ದು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಸಂಜೆ ಮನೆಗೆ ತಂದು ಜೋಡಿಸಿದಳು. ದವಡೆ ಬೆಣ್ಣೆಯ ಹಾಗೆ ತಿರುಗಿತು. "ಅಮ್ಮಾ, ಬಾ ನೋಡು!" ಎಂದು ಕೂಗಿದಳು. ಅಮ್ಮ ಕೈ ಒರೆಸಿಕೊಂಡು ಬಂದು ನಿಲ್ಲುವುದಕ್ಕೂ, ಸ್ಕ್ರೀನು ಪೂರ್ತಿ ಕಪ್ಪಾಗಿ ಮೆಷಿನ್ ದೊಪ್ಪನೆ ಆಫ್ ಆಗುವುದಕ್ಕೂ ಸರಿಹೋಯಿತು.

"ಏನೂ ಕಾಣಿಸ್ತಿಲ್ಲವಲ್ಲೇ ಪುಟ್ಟಿ" ಎಂದರು ಅಮ್ಮ.

ಮಂಗಳವಾರ ಬೆಳಿಗ್ಗೆ ಮತ್ತೆ ಎರಡು ಮಹಡಿ.

ಅವನು ಕಾರ್ಡನ್ನು ಹೊರತೆಗೆದು, ತನ್ನ ಮೇಜಿನ ಮೇಲೆ ಬಿಚ್ಚಿ ಹರಡಿಟ್ಟಿದ್ದ ಬೇರೊಂದು ಬೋರ್ಡಿಗೆ ಸಿಕ್ಕಿಸಿ, ಮೂರು ಗಂಟೆ ಬಿಡದೆ ಓಡಿಸಿದ. ಒಂದು ಸಲವೂ ಕಣ್ಣು ಮುಚ್ಚಲಿಲ್ಲ ಅದು.

"ನೋಡಿ ಮೇಡಂ, ಏನೂ ತೊಂದ್ರೆ ಇಲ್ಲ."

"ಮನೇಲಿ ಆಫ್ ಆಗುತ್ತೆ ಅಂತಿದ್ದೀನಲ್ಲ!"

"ನಮ್ಮ ಅಂಗಡೀಲಿ ಸರಿಯಾಗೇ ಓಡ್ತಿದೆಯಲ್ಲ."

"ಹಾಗಾದ್ರೆ ನಾನು ಹಾಸಿಗೆ ದಿಂಬು ತಗೊಂಡು ಇಲ್ಲಿಗೇ ಬಂದುಬಿಡ್ಲಾ?"

ಆಡಿದ ಮೇಲೆ ಅವಳಿಗೇ ಹೇಗೋ ಆಯಿತು. ಅವನೂ ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ ಪ್ಲಾಸ್ಟರ್ ದವಡೆಯನ್ನು ಕೈಗೆ ತೆಗೆದುಕೊಂಡು ನೋಡತೊಡಗಿದ.

"ಈ ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಇದೆಯಲ್ಲ... ತಪ್ಪಾಗಿದೆಯಾ?"

"ತಪ್ಪಲ್ಲ, ಬೇಕಂತಲೇ ಮಾಡಿದ್ದು. ಇದು ಒಬ್ಬ ಅಜ್ಜನ ದವಡೆ, ಅವರಿಗೆ ಮೊದಲಿಂದ ಹಾಗೇ ಇತ್ತು. ನೆಟ್ಟಗೆ ಮಾಡಿದ್ರೆ ಕನ್ನಡಿ ನೋಡ್ಕೊಂಡಾಗ ಬೇರೆ ಯಾರದ್ದೋ ಬಾಯಿ ಅನ್ಸುತ್ತೆ ಅವರಿಗೆ."

ಅವನು ಆ ಹಲ್ಲನ್ನು ಮತ್ತೊಮ್ಮೆ ನೋಡಿ, ಮೆಲ್ಲಗೆ, ಎಷ್ಟೋ ಮೆಲ್ಲಗೆ ಕೆಳಗಿಟ್ಟ. ಯಾಕೋ ಅವಳ ಸಿಟ್ಟು ಒಂದು ಗಳಿಗೆ ಜಾರಿತು. 'ಛೇ, ಇದೇನಿದು! ನಂಗೆ ಬೇಕಾಗಿರೋದು ಓಡೋ ಮೆಷಿನ್ನು...' ಎಂದು ಹಿಡಿದು ಎಳೆದುಕೊಂಡಳು.

ಮನೆಗೆ ಹೋದಳು. ಇಪ್ಪತ್ತೇ ನಿಮಿಷಕ್ಕೆ ಕಪ್ಪು.

ಬುಧವಾರ ಅವನು ಮನೆಯ ಕರೆಂಟಿನ ಮೇಲೆ ತಪ್ಪು ಹೊರಿಸಿದ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್‌ಬೋರ್ಡು ಬಿಚ್ಚಿ, ಎಲ್ಲಾ ಸರಿಯಿದೆ ಎಂದು ಹೋದ. ಆಮೇಲೆ ಸಾಫ್ಟ್‌ವೇರಿನ ಸರದಿ. ಫೋನಿನಲ್ಲಿ ಅವನು ಹೇಳಿದ ಹಾಗೆಲ್ಲ ಕಾರ್ಡು ನಡೆಸುವ ಹಳೆಯ ಡ್ರೈವರ್ ಪ್ರೋಗ್ರಾಂ ಅಳಿಸಿ ಹೊಸದು ಹಾಕಿದಳು, ಮತ್ತೆ ಅಳಿಸಿದಳು, ಮತ್ತೆ ಹಾಕಿದಳು. ಮೆಷಿನ್ ತನಗೆ ಖುಷಿ ಬಂದಾಗ ಓಡುತ್ತಿತ್ತು, ಖುಷಿ ಬಂದಾಗ ಸಾಯುತ್ತಿತ್ತು. ಆ ಪ್ರಾಣ ಹಿಂಡುವ ಸಂದಿಯಲ್ಲೇ ಹೇಗೋ ನಾಲ್ಕು ದವಡೆ ಮುಗಿಸಿದಳು. ಇನ್ನೂ ಆರು ಉಳಿದಿದ್ದವು.

ಗುರುವಾರ ನಾಲ್ಕನೇ ಸಲ ಅಂಗಡಿಗೆ ಬಂದಾಗ ಅವಳ ತೋಳು ಸೋತಿತ್ತು, ತಾಳ್ಮೆ ಅದಕ್ಕಿಂತ ಮೊದಲೇ ಸೋತಿತ್ತು.

"ಬಾಮ್ಮ ಬಾ" ಎಂದರು ಅಲ್ಲೇ ಕೂತಿದ್ದ ಮೇಷ್ಟ್ರು. "ನನ್ನ ಲ್ಯಾಪ್‌ಟಾಪ್ ಸೋಮವಾರದಿಂದ ಇಲ್ಲೇ ಬಿದ್ದಿದೆ. ನಿನ್ನ ಮೆಷಿನ್ ಬಂದಾಗಿಂದ ಈ ಪುಣ್ಯಾತ್ಮ ಬೇರೆ ಯಾವುದನ್ನೂ ಮುಟ್ತಾ ಇಲ್ಲ. ನೀನು ಬರೋ ಹೊತ್ತಿಗೆ ಸರಿಯಾಗಿ ತಲೆ ಬಾಚ್ಕೊಳ್ತಾನೆ!"

"ಸರ್, ಸುಮ್ನಿರಿ!" ಅವನ ಕಿವಿ ಕೆಂಪಾಯಿತು.

ಆ ಕೆಂಪು ಕಿವಿಯನ್ನು ಅವಳು ನೋಡಿದಳು. ನಾಲ್ಕು ದಿನದ ಸಂಕಟವೆಲ್ಲ ಒಮ್ಮೆಲೇ ತಲೆಗೇರಿತು. 'ಓಹೋ... ಹಾಗಾ ಸಮಾಚಾರ! ಇಲ್ಲಿ ಓಡುವುದು ಮನೆಯಲ್ಲಿ ಯಾಕೆ ಓಡುವುದಿಲ್ಲ ಅಂದರೆ ಇದಕ್ಕೆ!'

"ನಾನು ಬರ್ತಾ ಇರ್ಲಿ ಅಂತ ಬೇಕಂತಲೇ ಕೆಡಿಸಿ ಕಳಿಸ್ತಿದ್ದೀರಾ?"



ಅವನ ಮುಖದ ಬಣ್ಣವೇ ಇಳಿದುಹೋಯಿತು. "ಮೇಡಂ, ನನ್ನನ್ನ ಏನ್ ಬೇಕಾದ್ರೂ ಬೈರಿ. ಕೆಲಸದಲ್ಲಿ ಮೋಸ ಮಾಡ್ತೀನಿ ಅಂತ ಮಾತ್ರ ಅನ್ಬೇಡಿ."

"ಯಾವ ಕೆಲಸ? ನಾಲ್ಕು ದಿನದಿಂದ ಏನ್ ಕಡಿದು ಕಟ್ಟೆ ಹಾಕಿದ್ದೀರಾ? ನಿಮಗೆ ಇದೊಂದು ಆಟ ಇರ್ಬಹುದು. ನಂಗೆ ಇದು ಏಳು ವರ್ಷದ ಕನಸು ಕಣ್ರೀ!"

ಇವನ ಮುಂದೆ ಅಳಬಾರದು ಎಂದು ಕ್ಯಾಬಿನೆಟ್ ಎತ್ತಿಕೊಂಡು ಹೊರಟೇಬಿಟ್ಟಳು. ಅವನು ತಡೆಯಲಿಲ್ಲ. ಮೇಷ್ಟ್ರು ತಮ್ಮ ನಾಲಿಗೆಯನ್ನು ತಾವೇ ಶಪಿಸಿಕೊಂಡರು.

ಮನೆಗೆ ಬಂದವಳೇ ಮೊದಲು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಯಾರಿಗೆ ಫೋನ್ ಮಾಡಬಾರದೆಂದು ಆಣೆ ಹಾಕಿಕೊಂಡಿದ್ದಳೋ ಅವನಿಗೇ ಮಾಡಿದಳು.

"ಅಯ್ಯೋ, ಅದಕ್ಕೇನಮ್ಮ!" ಲ್ಯಾಬಿನ ಯಜಮಾನನ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಎರಡು ದಿನ ಇಲ್ಲೇ ಕೂತು ಮಾಡ್ಕೋ. ಆದ್ರೆ ಕ್ಲಿನಿಕ್ಕಿಗೆ ಹೋಗೋದು ಲ್ಯಾಬಿನ ಹೆಸರಲ್ಲಿ. ಸೋಮವಾರದಿಂದ ನೀನು ನಿನ್ನ ಕುರ್ಚೀಲಿ. ನಾಳೆ ಒಂದು ಗಂಟೆ ಒಳಗೆ ಹೇಳಿಬಿಡು."

ಅವಳು "ಹ್ಞೂಂ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬೆಲ್ಲಾಯಿತು. ಬಾಗಿಲು ತೆಗೆದದ್ದು ಅಮ್ಮ.

"ಅಮ್ಮಾ, ನಾನು ಕಂಪ್ಯೂಟರ್ ಅಂಗಡಿಯವನು, ಬಿಲ್ಲಲ್ಲಿದ್ದ ವಿಳಾಸ ನೋಡ್ಕೊಂಡು ಬಂದೆ. ನಿಮ್ಮ ಮಗಳ ಮೆಷಿನ್‌ನ ಅದು ಇರೋ ಜಾಗದಲ್ಲೇ ಒಂದು ಸಲ ನೋಡ್ಬೇಕಿತ್ತು."

"ಓ, ನೀನೇನಾ ಅದು? ನಾಲ್ಕು ದಿನದಿಂದ ಈ ಮನೇಲಿ ನಿನ್ನ ಸಹಸ್ರನಾಮ ನಡೀತಿದೆ ಕಣಪ್ಪ. ಬಾ ಒಳಗೆ."

ಅವಳು ಕೋಣೆಯ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತಳು. "ಏನೂ ಬೇಡ. ನಾನು ಬೇರೆ ವ್ಯವಸ್ಥೆ ಮಾಡ್ಕೊಂಡಿದ್ದೀನಿ."

"ಹತ್ತು ನಿಮಿಷ ಕೊಡಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

ಅವನ ಕಣ್ಣು ಕೆಂಪಗಿತ್ತು. ನಿದ್ದೆ ಮಾಡಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಪಕ್ಕಕ್ಕೆ ಸರಿದಳು.

"ದವಡೆ ತಿರುಗಿಸಿ."

ತಿರುಗಿಸಿದಳು. ಆರನೇ ನಿಮಿಷಕ್ಕೆ ಕಪ್ಪು.

ಅವನು ಮೆಷಿನ್ ಬಿಚ್ಚಿದ. ಈ ಸಲ ಕಾರ್ಡನ್ನು ಮುಟ್ಟಲಿಲ್ಲ. ಅದಕ್ಕೆ ಕರೆಂಟು ತರುವ ವೈರನ್ನು ಬೆರಳಲ್ಲಿ ಹಿಡಿದು, ಅದು ಹೋದ ದಾರಿಯನ್ನೇ ಹಿಡಿದು ಹಿಂಬದಿಗೆ ಬಂದ. ಹಿಂಬದಿಯ ಮುಚ್ಚಳ ತೆಗೆದ. ನೆಲದ ಮೇಲೆ ಹಾಗೇ ಕೂತುಬಿಟ್ಟ.

"ಏನಾಯ್ತು?"

"ತಪ್ಪು ನಂದೇ."

"ಏನು?"

"ಈ ಹೊಸ ಕಾರ್ಡಿಗೆ ಕರೆಂಟು ಜಾಸ್ತಿ ಬೇಕು. ಪವರ್ ಸಪ್ಲೈಯಿಂದ ಎರಡು ಬೇರೆ ಬೇರೆ ವೈರು ತಂದು ಕೊಡ್ಬೇಕು. ನಾನು ಒಂದೇ ವೈರು ಕೊಟ್ಟಿದ್ದೀನಿ. ತುದಿಯಲ್ಲಿ ಎರಡು ಪ್ಲಗ್ ಇದೆ, ಎರಡನ್ನೂ ಚುಚ್ಚಿ ಕೈತೊಳ್ಕೊಂಡೆ. ಸುಮ್ನೆ ಇದ್ದಾಗ ಓಡುತ್ತೆ. ನಿಮ್ಮ ದವಡೆ ತಿರುಗಿಸಿದಾಗ ಒಂದೇ ವೈರಿಗೆ ತಡೆಯಲ್ಲ, ಆಫ್ ಆಗುತ್ತೆ."

"ಮತ್ತೆ ಅಂಗಡೀಲಿ ಹೇಗೆ ಓಡ್ತಿತ್ತು?"

"ಅಲ್ಲಿ ಕಾರ್ಡನ್ನ ಹೊರಗೆ ತೆಗೆದು ನನ್ನ ಮೇಜಿನ ಮೇಲೆ ಓಡಿಸ್ತಿದ್ದೆ. ಅಲ್ಲಿ ಎರಡು ವೈರು ಇದೆ." ತಲೆ ತಗ್ಗಿಸಿದ. "ಕಾರ್ಡನ್ನ ಅನುಮಾನಿಸಿದೆ, ನಿಮ್ಮ ಮನೆ ಕರೆಂಟನ್ನ ಅನುಮಾನಿಸಿದೆ, ನಿಮ್ಮನ್ನೂ ಅನುಮಾನಿಸಿದೆ. ನನ್ನನ್ನೇ ಒಂದು ಸಲವೂ ಅನುಮಾನಿಸ್ಲಿಲ್ಲ."

ಅವಳಿಗೆ ಕೂಗಬೇಕೋ ನಗಬೇಕೋ ತಿಳಿಯಲಿಲ್ಲ. "ಇಷ್ಟು ಸಣ್ಣ ವಿಷಯ... ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ?"

ಅವನು ಮೆಷಿನ್ನಿನ ಹಿಂಬದಿಯನ್ನು ಅವಳ ಕಡೆ ತಿರುಗಿಸಿದ. ಅಲ್ಲಿ ವೈರುಗಳೆಲ್ಲ ಜಡೆ ಹೆಣೆದ ಹಾಗೆ ಒಟ್ಟಾಗಿ ಸಾಗಿದ್ದವು. ಬೆರಳಗಲಕ್ಕೊಂದು ಗಂಟು. ಹಲ್ಲಿನ ಸಂದಿ ತಿಕ್ಕುವ ಬಿಳಿ ದಾರದಿಂದ ಎರಡು ತಿಂಗಳ ಹಿಂದೆ, ಸ್ವಂತ ಕೆಲಸ ಶುರು ಮಾಡಿದ ಖುಷಿಗೆ, ಇಡೀ ಭಾನುವಾರ ಕೂತು ಅವಳೇ ಹಾಕಿದ್ದ ಗಂಟುಗಳು. ಯಾರೂ ನೋಡದ ಜಾಗ ಅದು. ಅಮ್ಮ ಕೂಡ ನೋಡಿರಲಿಲ್ಲ.

"ಇನ್ನೊಂದು ವೈರು ಎಳೀಬೇಕಂದ್ರೆ ಇದನ್ನೆಲ್ಲಾ ಕತ್ತರಿಸ್ಬೇಕಿತ್ತು" ಎಂದ. "ಸೋಮವಾರ ಕತ್ತರಿ ಕೈಗೆ ತಗೊಂಡೆ. ಅರವತ್ತೆರಡು ಗಂಟು... ಒಂದೂ ಸೊಟ್ಟ ಇಲ್ಲ. ಹದಿನಾಲ್ಕು ವರ್ಷದಲ್ಲಿ ಮೆಷಿನ್ ಒಳಗೆ ಇಂಥದ್ದು ನಾನು ನೋಡಿಲ್ಲ. ಮನಸ್ಸು ಬರ್ಲಿಲ್ಲ ಮೇಡಂ. ಒಂದು ವೈರಲ್ಲೇ ಹೇಗೋ ಸಾಗುತ್ತೆ ಅಂದ್ಕೊಂಡುಬಿಟ್ಟೆ."

ಅರವತ್ತೆರಡು! ಎಣಿಸಿದ್ದಾನೆ!

ಅವಳ ಎದೆಯಲ್ಲಿ ಏನೋ ಕರಗಿತು. ಅದರ ಬೆನ್ನಿಗೇ ಕೆಂಡದಂಥ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಪಾಪ, ಮನುಷ್ಯರು ಏನು ಮಾಡುತ್ತಾರೆ?

ಅವಳು ಡ್ರಾಯರಿನಿಂದ ಕತ್ತರಿ ತೆಗೆದಳು. ಅವನ ಪಕ್ಕ ನೆಲದ ಮೇಲೆ ಕೂತು ಕಚಕಚನೆ ಕತ್ತರಿಸತೊಡಗಿದಳು.

"ಅಯ್ಯೋ, ಮೆಲ್ಲಗೆ..."

"ಸುಮ್ನಿರ್ರೀ! ಗಂಟು ಇನ್ನೊಂದು ಭಾನುವಾರ ಹಾಕ್ಬಹುದು. ನನ್ನ ಶನಿವಾರ ಹೋದ್ರೆ ಬರುತ್ತಾ? ನನ್ನ ಗಂಟು ಉಳಿಸೋಕೆ ಹೋಗಿ ನನ್ನ ಜೀವನ ಮುಳುಗಿಸ್ತಿದ್ರಲ್ಲ! ಒಂದು ಮಾತು ಕೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಇತ್ತು..." ಎಂದ ಅವನು. "ನಿಮ್ಮನ್ನ ನೋಡಿದ್ರೆ ಬರ್ತಿರ್ಲಿಲ್ಲ."

ಕತ್ತರಿ ಒಂದು ಕ್ಷಣ ನಿಂತಿತು. ಮತ್ತೆ ಕಚಕಚ ಶುರುವಾಯಿತು.

ಎರಡನೇ ವೈರಿಗಾಗಿ ಅಮ್ಮನ ಮೊರೆ ಹೋಗಬೇಕಾಯಿತು. ನೋಡಲು ಒಂದೇ ಥರ ಇದ್ದರೂ ಬೇರೆ ಪವರ್ ಸಪ್ಲೈಯ ವೈರು ಹಾಕಬಾರದು, ಇದರ ಜೊತೆ ಬಂದದ್ದೇ ಬೇಕು ಎಂದ ಅವನು. ಮನೆಗೆ ಬಂದ ಒಂದು ರಟ್ಟಿನ ಡಬ್ಬವನ್ನೂ ಎಸೆಯದ ಅಮ್ಮ ಅಟ್ಟದಿಂದ ಪವರ್ ಸಪ್ಲೈಯ ಡಬ್ಬ ಇಳಿಸಿ, ಧೂಳು ಕೊಡವಿ, ಮಗಳ ಕೈಗಿತ್ತರು. "ದಿನಾ ಬೈತಿದ್ಯಲ್ಲ, ಕಸ ಕೂಡಿಡ್ತೀಯ ಅಂತ? ತಗೋ!"

ವೈರು ಸೇರಿಸಿದರು. ದವಡೆ ತಿರುಗಿತು. ಆರು ನಿಮಿಷ ಕಳೆಯಿತು. ಹತ್ತು. ಇಪ್ಪತ್ತು. ಮೂವರೂ ಉಸಿರು ಬಿಗಿಹಿಡಿದು ಯಾವನೋ ಅಪರಿಚಿತನ ಕೆಳದವಡೆಯನ್ನು ನೋಡುತ್ತ ಕೂತಿದ್ದರು. ಅರ್ಧ ಗಂಟೆಯಾದರೂ ಅದು ತಿರುಗುತ್ತಲೇ ಇತ್ತು.

ಫೋನ್ ಬಂತು. ಲ್ಯಾಬಿನ ಯಜಮಾನ. ಗಂಟೆ ಒಂದಾಗಲು ಐದು ನಿಮಿಷವಿತ್ತು.

"ಸರ್, ಆ ಕುರ್ಚಿ ಬೇರೆ ಯಾರಿಗಾದ್ರೂ ಕೊಡಿ" ಎಂದಳು ಅವಳು. "ನಾನು ಬರಲ್ಲ."

ಫೋನ್ ಇಟ್ಟು ಅವನ ಕಡೆ ತಿರುಗಿದಳು. ಅವನಿಗೆ ಏನೋ ಹೇಳಬೇಕಿತ್ತು, ತುಟಿಯವರೆಗೆ ಬಂದಿತ್ತು.

"ಈಗ ಒಂದು ಮಾತೂ ಬೇಡ" ಎಂದಳು. "ಆರು ದವಡೆ ಬಾಕಿ ಇದೆ. ಹೊರಡಿ."

ಅವನು ಹೊರಟ. ಅಮ್ಮ ಕೊಟ್ಟ ಟೀ ಕುಡಿದದ್ದೂ ಮೆಟ್ಟಿಲಿಳಿಯುವಾಗ ಅವನಿಗೆ ನೆನಪಿರಲಿಲ್ಲ.

ಶನಿವಾರ ನಾಲ್ಕೂ ನಲವತ್ತಕ್ಕೆ ಹತ್ತನೇ ದವಡೆ ಕ್ಲಿನಿಕ್ಕಿಗೆ ಹೋಯಿತು. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮನ ಫೋನ್ ಬಂತು. ಆ ಫೋನ್ ಮುಗಿದು ಕಾಲು ಗಂಟೆಗೆ ಅವಳು ಎರಡು ಮಹಡಿ ಹತ್ತಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕೈ ಬೀಸಿಕೊಂಡು, ಖಾಲಿ ಕೈಯಲ್ಲಿ.

ಅವಳನ್ನು ನೋಡಿ ಅವನು ಧಡಕ್ಕನೆ ಎದ್ದ. "ಮತ್ತೆ ಕಪ್ಪಾಯ್ತಾ?"

"ಇಲ್ಲ."

"ಬಿಸಿಯಾಗ್ತಿದೆಯಾ? ಫ್ಯಾನ್ ಸದ್ದಾ?"

"ಏನೂ ಆಗಿಲ್ಲ. ಏನೂ ಆಗದೇ ಬಂದಿದ್ದೀನಿ. ಬರ್ಬಾರ್ದಾ?"

ಅವನು ಪಿಳಿಪಿಳಿ ಕಣ್ಣು ಬಿಟ್ಟ.

"ವರ್ಷದ ಕೆಲಸ ನಂಗೇ ಸಿಕ್ತು" ಎಂದಳು. "ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು. ಯಾಕೆ ಅಂತ ಕೇಳ್ಬೇಡಿ, ನಂಗೇ ಸಿಟ್ಟು ಬರ್ತಿದೆ. ಆಮೇಲೆ... ಅವತ್ತು ಎಲ್ಲರ ಮುಂದೆ ಮೋಸ ಅಂದೆನಲ್ಲ. ಅದು ತಪ್ಪು. ಮನಸ್ಸಿನಲ್ಲಿ ಇಟ್ಕೋಬೇಡಿ."

"ಪೂರ್ತಿ ತಪ್ಪಲ್ಲ ಅದು." ಅವನು ನೆಲ ನೋಡುತ್ತ ಹೇಳಿದ. "ಬೇಕಂತ ಕೆಡಿಸ್ಲಿಲ್ಲ, ನಿಮ್ಮಾಣೆ. ಆದ್ರೆ ನೀವು ಪ್ರತಿ ಸಲ ಬೈಕೊಂಡು ಬಾಗಿಲಲ್ಲಿ ನಿಂತಾಗ ನಂಗೆ ಖುಷಿಯಾಗ್ತಿತ್ತು. ನಿಮ್ಮ ಕೆಲಸ ನಿಂತಿದೆ ಅಂತ ಗೊತ್ತಿದ್ದೂ ಖುಷಿಯಾಗ್ತಿತ್ತು. ನಾಚಿಕೆಯಾಗ್ಬೇಕು ನಂಗೆ. ನಂಗೆ ನೀವು... ತುಂಬಾ ಇಷ್ಟ ಆಗಿಬಿಟ್ಟಿದ್ದೀರಾ."

ಮೂಲೆಯಲ್ಲಿದ್ದ ಮೇಷ್ಟ್ರು ಈ ಸಲ ತುಟಿಪಿಟಕ್ಕೆನ್ನದೆ ಗೋಡೆಯ ಕಡೆ ತಿರುಗಿ ಕೂತರು.

"ಇಷ್ಟು ಹೇಳೋಕೆ ಒಂದು ವಾರ ನನ್ನ ಪ್ರಾಣ ತಿಂದ್ರಾ?" ಎಂದಳು ಅವಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನಂಗೂ ಇಷ್ಟಾನೇ. ಸಿಟ್ಟಿನ ಮಧ್ಯೆ ಎಲ್ಲೋ ಆಗೋಯ್ತು, ಯಾವಾಗ ಅಂತ ಗೊತ್ತಾಗ್ಲಿಲ್ಲ."

ಅವನು ಏನಾದರೂ ಹೇಳುತ್ತಾನೆಂದು ಕಾದಳು. ಅವನು ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಂತಿದ್ದ. ಇನ್ನು ಇವನಿಂದ ಆಗದ ಕೆಲಸ ಎಂದು ಅವಳೇ ಹೊರಡಲು ತಿರುಗಿದಳು.

"ಮತ್ತೆ ಯಾವಾಗ ಬರ್ತೀರಾ?" ಹಿಂದಿನಿಂದ ಕೇಳಿದ.

"ಮೆಷಿನ್ ಕೆಟ್ರೆ ಬರ್ತೀನಿ."

"ಅದು ಇನ್ನು ಕೆಡಲ್ಲ..." ಅವನ ಮುಖ ಸಪ್ಪಗಾಯಿತು.

"ಕೆಡಲ್ವಾ? ಗ್ಯಾರಂಟಿನಾ?"

"ಗ್ಯಾರಂಟಿ."

"ಹಾಗಾದ್ರೆ" ಎಂದಳು, "ನಾಳೆ ಬರ್ತೀನಿ."